ನಾಲ್ವರಲ್ಲಿ ಕೊನೆಯವ್ರು

23 ಜುಲೈ 2024, ಮಂಗಳವಾರ

ಬೆಳಿಗ್ಗೆ ಹಾಲು ಕಾಯೋಕಿಟ್ಟು ಮೊಬೈಲ್ ತೆಗೆದ್ರೆ ಫೋರ್ ಟಾಪ್ಸ್ ಅನ್ನೋ ಹಾಡುಗಾರರ ಗುಂಪಿನ ಡ್ಯೂಕ್ ಫಕೀರ್ ಹೋದ್ರು ಅಂತ ಸುದ್ದಿ. ನಿನ್ನೆ, ಡೆಟ್ರಾಯಿಟ್‌ನಲ್ಲಿ, 88 ವಯಸ್ಸು. ಹಾಲು ಉಕ್ಕಿ ಸ್ಟವ್ ತುಂಬಾ ಆಯ್ತು, ಹೋಗ್ಲಿ.

ಅವ್ರ ಹಾಡು ತಂದ ಡೆಟ್ರಾಯಿಟ್‌ನ ರೆಕಾರ್ಡ್ ಕಂಪನಿ ಮೋಟೌನ್ ಅಂದ್ರೆ ನಮ್ಮ ಕಡೆ ಮೈಕಲ್ ಜಾಕ್ಸನ್‌ಗೇ ಮುಗಿಸ್ಬಿಡ್ತಾರೆ, ಫೋರ್ ಟಾಪ್ಸ್ ಕೇಳಿರೋರು ಕಮ್ಮಿ. ಲೆವಿ ಸ್ಟಬ್ಸ್, ಓಬಿ ಬೆನ್ಸನ್, ಲಾರೆನ್ಸ್ ಪೇಟನ್, ಈ ಡ್ಯೂಕ್, ನಾಲ್ಕೂ ಜನ ಡೆಟ್ರಾಯಿಟ್ ಹುಡುಗ್ರು. ಮೊದ್ಲು ಫೋರ್ ಏಮ್ಸ್ ಅಂತಿದ್ರು, ಆಗ್ಲೇ ಏಮ್ಸ್ ಬ್ರದರ್ಸ್ ಅಂತ ಇನ್ನೊಂದು ಗುಂಪಿತ್ತು, ಗೊಂದಲ ಬೇಡ ಅಂತ ಹೆಸ್ರು ಬದಲಾಯ್ಸಿದ್ರು. ಹತ್ತತ್ರ ಹತ್ತು ವರ್ಷ ಕ್ಲಬ್‌ಗಳಲ್ಲೇ ಹಾಡ್ಕೊಂಡಿದ್ದು 1963ಕ್ಕೆ ಮೋಟೌನ್ ಸೇರಿದ್ರು. ಅಂದಹಾಗೆ ಡ್ಯೂಕ್ ಅವ್ರ ಅಪ್ಪ ಈಗಿನ ಬಾಂಗ್ಲಾದೇಶದ ಕಡೆಯವ್ರು, ಫಕೀರ್ ಅನ್ನೋ ಹೆಸ್ರು ಅಲ್ಲಿಂದ್ಲೇ ಬಂದಿದ್ದು.

1966ರ 'ರೀಚ್ ಔಟ್ ಐಲ್ ಬಿ ದೇರ್' ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ನಂಬರ್ ಒನ್. ಮುಖ್ಯ ಗಾಯಕ ಲೆವಿದು ದಪ್ಪ ದನಿ, ಆದ್ರೆ ಹಾಡು ಬರೆದ ಹಾಲೆಂಡ್-ಡೋಜಿಯರ್-ಹಾಲೆಂಡ್ ಬೇಕಂತ್ಲೇ ಶ್ರುತಿ ಮೇಲಕ್ಕಿಡೋರು, ಎಟುಕಲ್ಲ ಅನ್ನೋ ಜಾಗಕ್ಕೆ ಕೈ ಚಾಚ್ದಂಗೆ ಕೇಳ್ಬೇಕು ಅಂತ. ಮೊದ್ಲು ಕೊಳಲು, ಆಮೇಲೆ ಕುದುರೆ ಓಡಿದಂಗೆ ಟಕಟಕ, ಅದ್ರ ಮಧ್ಯೆ ಲೆವಿದು ಒಂದು 'ಹಾ!'. ಅಮ್ಮ ಒಂದ್ಸಲ ಕೇಳಿದ್ರು, ಇವ್ನು ಕರೀತಿದಾನೋ ಬೈತಿದಾನೋ ಅಂತ.

ಅದೇ ಕಾಲಕ್ಕೆ ಮೋಟೌನ್‌ನ ಇನ್ನೊಂದು ಗುಂಪು ಸುಪ್ರೀಮ್ಸ್ ಹೋಗಿ ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್ ಆಯ್ತು, ಸ್ಮೋಕಿ ರಾಬಿನ್ಸನ್ ಹೆಸ್ರೂ ಅವ್ರ ಗುಂಪು ಮಿರಾಕಲ್ಸ್ ಮುಂದೆ ಬಂತು. ಲೆವಿ ಮಾತ್ರ ತಮ್ಮ ಹೆಸ್ರು ಮುಂದೆ ಹಾಕೋಕೆ ಒಪ್ಲೇ ಇಲ್ಲ. ನಮ್ಮ ಕಾಲೇಜ್ ಆರ್ಕೆಸ್ಟ್ರಾ ಎರಡನೇ ವರ್ಷಕ್ಕೇ ಒಡೀತು, ರಾಜ್ಯೋತ್ಸವದ ಬ್ಯಾನರ್‌ನಲ್ಲಿ ಯಾರ ಹೆಸ್ರು ದೊಡ್ಡದಾಗಿರ್ಬೇಕು ಅನ್ನೋ ಜಗಳಕ್ಕೆ. ದೊಡ್ಡದು ಬೇಕು ಅಂದೋನು ನಾನೇ.

1972ರಲ್ಲಿ ಮೋಟೌನ್ ಕಂಪನಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ತು, ಇವ್ರು ಊರು ಬಿಡ್ಲಿಲ್ಲ, ಬೇರೆ ಲೇಬಲ್‌ಗೆ ಹೋಗಿ ಮತ್ತೆ ಹಿಟ್ ಕೊಟ್ರು. 1997ರಲ್ಲಿ ಪೇಟನ್ ತೀರ್ಕೊಳ್ಳೋವರ್ಗೂ ಅವೇ ನಾಲ್ಕು ಜನ, ನಲವತ್ತು ವರ್ಷದ ಮೇಲಾಯ್ತು. 2005ಕ್ಕೆ ಓಬಿ, 2008ಕ್ಕೆ ಲೆವಿ. ಆಮೇಲೂ ಡ್ಯೂಕ್ ಹೊಸಬ್ರನ್ನ ಕಟ್ಕೊಂಡು ಹಾಡ್ತಾನೇ ಇದ್ರು, ಪೇಟನ್ ಮಗನೂ ಬಂದು ಸೇರ್ಕೊಂಡ.

ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಲೆವಿ ಹಿಂದೆ ಹಾಡೋ ದನಿಗಳಲ್ಲಿ ಡ್ಯೂಕ್‌ದು ಯಾವ್ದು ಅಂತ ಬಿಡಿಸೋಕೆ ಮೂರು ಸಲ ಕೇಳ್ದೆ. ಆಗ್ಲಿಲ್ಲ.