ಬಡ್ಡಿ ಹರಾಮ್ ಅಲ್ಲವೇ, ಮಗಳನ್ನು ಕಾಮರ್ಸಿಗೆ ಸೇರಿಸಬಹುದೇ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ನಮ್ಮ ಕರಾವಳಿಯ ಮುಸ್ಲಿಂ ಮನೆಗಳಿಂದ ಈ ಪ್ರಶ್ನೆ ನನ್ನ ಬಳಿ ಬಂದೇ ಬರುತ್ತದೆ. ಕೇಳುವವರ ತರ್ಕ ಸರಳ: ಕಾಮರ್ಸ್ ಎಂದರೆ ಬ್ಯಾಂಕು, ಬ್ಯಾಂಕು ಎಂದರೆ ಬಡ್ಡಿ, ಬಡ್ಡಿ ಎಂದರೆ ಹರಾಮ್, ಧರ್ಮ ನಿಷೇಧಿಸಿದ್ದು.

ಧಾರಾಳವಾಗಿ ಸೇರಿಸಿ ಎನ್ನುತ್ತೇನೆ. ಹರಾಮ್ ಆಗಬಹುದಾದದ್ದು ಮುಂದೆ ಹಿಡಿಯುವ ಕೆಲಸ, ಈಗ ಕಲಿಯುವ ಲೆಕ್ಕಶಾಸ್ತ್ರವಲ್ಲ. ಬಡ್ಡಿ ತಿನ್ನುವವನನ್ನು, ಕೊಡುವವನನ್ನು, ಪತ್ರ ಬರೆಯುವವನನ್ನು, ಸಾಕ್ಷಿಗಳಿಬ್ಬರನ್ನೂ ಪ್ರವಾದಿಯವರು ಶಪಿಸಿದ ಹದೀಸ್ (ಅವರ ನುಡಿ-ನಡೆಯ ವರದಿ) ಇದೆ. ಸಾಲ ವಿಭಾಗದ ಕುರ್ಚಿಯ ಬಗ್ಗೆ ಅಳುಕು ಸಹಜವೇ. ಬ್ಯಾಂಕಿನ ಉಳಿದ ಹುದ್ದೆಗಳ ಬಗ್ಗೆ ಉಲಮಾಗಳಲ್ಲೇ, ಅಂದರೆ ಧರ್ಮ ವಿದ್ವಾಂಸರಲ್ಲೇ, ಒಮ್ಮತವಿಲ್ಲ. ಆದರೆ ಆಡಿಟ್, ಜಿಎಸ್‌ಟಿ, ಕಂಪೆನಿ ಸೆಕ್ರೆಟರಿ, ಉಪನ್ಯಾಸಕ ವೃತ್ತಿ ಎಲ್ಲಿಗೆ ಹೋದವು? ಬಡ್ಡಿಯನ್ನು ನಿಷೇಧಿಸುವ ಕುರ್‌ಆನ್ ವಚನವೇ (2:275) ವ್ಯಾಪಾರವನ್ನು ಸಮ್ಮತಿಸುತ್ತದೆ. ಯೂಸುಫ್ ಪ್ರವಾದಿ ಈಜಿಪ್ಟಿನ ದೊರೆಯಿಂದ ಕೇಳಿ ಪಡೆದದ್ದು ಭಂಡಾರದ ಹೊಣೆಯನ್ನು.

ಈಚೆಗೆ ತಂದೆಯ ಜೊತೆ ಒಬ್ಬ ಹುಡುಗಿ ಬಂದಿದ್ದಳು. ಅವರ ಕೋಳಿ ಅಂಗಡಿಯ ಉದ್ರಿ ಪುಸ್ತಕ ಬರೆಯುವವಳು ಅವಳೇ. ಬಾಕಿಗೆ ಕೆಂಪು ಶಾಯಿ, ಸಂದದ್ದಕ್ಕೆ ಹಸಿರು, ಮದುವೆ ಆರ್ಡರುಗಳಿಗೆ ಬೇರೆಯೇ ಹಾಳೆ. ತಂದೆಗೆ ಮಾತ್ರ ಪಿಸಿಎಂಬಿ, ನೀಟ್ ಬಿಟ್ಟರೆ ಬೇರೆ ಮಾತಿಲ್ಲ. "ಡಾಕ್ಟರಾಗುವುದು ಫರ್ಝ್ ಕಿಫಾಯ ಅಲ್ಲವೇ?" ಎಂದರು. ಕೆಲವರು ಮಾಡಿದರೆ ಉಳಿದವರ ಹೊಣೆ ಇಳಿಯುವ ಕರ್ತವ್ಯವದು. ಮಾತು ಸರಿಯೇ. 1111ರಲ್ಲಿ ತೀರಿಕೊಂಡ ಧರ್ಮ ವಿದ್ವಾಂಸ ಇಮಾಮ್ ಗಝಾಲಿ ವೈದ್ಯವನ್ನು ಹಾಗೆಯೇ ಎಣಿಸಿದ್ದಾರೆ. ಅದರ ಜೊತೆಗೆ ಗಣಿತ, ಬೇಸಾಯ, ನೇಯ್ಗೆ, ಹೊಲಿಗೆಯನ್ನೂ ಎಣಿಸಿದ್ದಾರೆ. ಎಲ್ಲರೂ ಫಿಕ್‌ಹ್ (ಧರ್ಮಶಾಸ್ತ್ರ) ಕಲಿಯಲು ಮುಗಿಬಿದ್ದು ಎಷ್ಟೋ ಊರುಗಳಲ್ಲಿ ಮುಸ್ಲಿಂ ವೈದ್ಯರೇ ಇಲ್ಲ ಎಂಬುದು ಅವರ ದೂರು. ಈಗ ಮುಗಿಬೀಳುವುದು ನೀಟ್‌ಗೆ. ಕಾಮರ್ಸ್ ಎಂದೊಡನೆ ನೆನಪಾಗುವ ಬಡ್ಡಿ, ಖಾಸಗಿ ಮೆಡಿಕಲ್ ಸೀಟಿಗೆ ಬ್ಯಾಂಕಿನಲ್ಲಿ ಸಾಲ ಎತ್ತುವಾಗ ಕೆಲವರಿಗೆ ಮರೆತೇಹೋಗುತ್ತದೆ!

ಇಸ್ತಿಖಾರಾ (ಒಳಿತಾದದ್ದನ್ನು ಆರಿಸಿಕೊಡೆಂದು ದೇವರನ್ನು ಬೇಡುವ ನಮಾಝ್) ಮಾಡಿದೆವು, ಕನಸು ಬೀಳಲಿಲ್ಲ ಎಂದು ಪೇಚಾಡುವವರೂ ಇದ್ದಾರೆ. ಹದೀಸಿನಲ್ಲಿರುವುದು ಎರಡು ರಕಅತ್ (ಆವರ್ತನ) ನಮಾಝ್ ಮತ್ತು ಒಂದು ದುಆ, ಅಂದರೆ ಬೇಡಿಕೆಯ ಪ್ರಾರ್ಥನೆ. ಕನಸಿನ ಮಾತೇ ಇಲ್ಲ. ಓದಬೇಕಾದವಳು ಮಗಳು, ನಮಾಝನ್ನೂ ಅವಳೇ ಮಾಡಲಿ. ಅದಕ್ಕೆ ಮೊದಲು ಅಂಕಪಟ್ಟಿ ನೋಡಿ, ಶುಲ್ಕ ವಿಚಾರಿಸಿ, ಅವಳನ್ನೇ ಕೂರಿಸಿಕೊಂಡು ಕೇಳಿ. ಅರ್ಜಿ ಹಾಕಲು ಕೊನೆಯ ದಿನ ಯಾವುದೆಂದೂ ನೋಡಿಕೊಳ್ಳಿ.