ಗೆಳೆಯ ಕೈಸಾಲ ಕೇಳಿದಾಗ

ಗೆಳೆಯ ದುಡ್ಡು ಕೇಳಿದಾಗ ಎಷ್ಟು ಅನ್ನುವುದಕ್ಕಿಂತ ಮೊದಲು ಯಾವ ಲೆಕ್ಕದಲ್ಲಿ ಅನ್ನುವುದು ತೀರ್ಮಾನವಾಗಬೇಕು. ನಮ್ಮ ದೀನ್‌ನಲ್ಲಿ (ಇಸ್ಲಾಂ ಧರ್ಮದಲ್ಲಿ) ಸಾಲ ಬೇರೆ, ಸದಕಾ (ಇಷ್ಟಪಟ್ಟು ಕೊಡುವ ದಾನ) ಬೇರೆ, ಝಕಾತ್ (ಉಳ್ಳವರು ವರ್ಷಕ್ಕೊಮ್ಮೆ ಕೊಡಲೇಬೇಕಾದ ದಾನ) ಬೇರೆ. ಸಾಲ ಅಂದರೆ ಕೊಟ್ಟಷ್ಟು ವಾಪಸ್ ಬರಬೇಕು, ಬಡ್ಡಿ ಇರಬಾರದು. ಸದಕಾ ಕೊಟ್ಟ ಮೇಲೆ ಮುಗಿಯಿತು. ಅದನ್ನು ಎತ್ತಿ ಆಡಿ, ಪಡೆದವರನ್ನು ನೋಯಿಸಿ ವ್ಯರ್ಥ ಮಾಡಿಕೊಳ್ಳಬೇಡಿ ಅಂತ ಕುರ್‌ಆನ್ (2:264) ನೇರವಾಗಿ ಹೇಳುತ್ತದೆ. ಸ್ನೇಹ ಕೆಡುವುದು ಇವುಗಳನ್ನು ಕಲಸಿದಾಗ. ಕೊಟ್ಟವನು ಸಾಲ ಅಂದುಕೊಂಡಿರುತ್ತಾನೆ, ತಗೊಂಡವನು ಸಹಾಯ ಅಂದುಕೊಂಡಿರುತ್ತಾನೆ, ಇಬ್ಬರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಎಷ್ಟು ಕೊಡಬೇಕು ಅನ್ನುವುದಕ್ಕೆ ಪ್ರವಾದಿಯವರ (ಸ) ಸಂಗಾತಿ ಸಲ್ಮಾನ್ ಫಾರಿಸಿ (ರ) ಹೇಳಿದ ಮಾತು ಸಾಕು. ಇನ್ನೊಬ್ಬ ಸಂಗಾತಿ ಅಬೂ ದರ್ದಾ (ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಅಂತ ಮನೆಯವರನ್ನೇ ಮರೆತಾಗ ಸಲ್ಮಾನ್ ಹೇಳಿದ್ದು: ನಿನ್ನ ಮೇಲೆ ನಿನ್ನ ರಬ್ಬ್‌ಗೆ (ದೇವರಿಗೆ) ಹಕ್ಕಿದೆ, ನಿನ್ನ ದೇಹಕ್ಕೆ ಹಕ್ಕಿದೆ, ನಿನ್ನ ಮನೆಯವರಿಗೆ ಹಕ್ಕಿದೆ, ಅವರವರ ಹಕ್ಕು ಅವರವರಿಗೆ ಕೊಡು. ಸಲ್ಮಾನ್ ಹೇಳಿದ್ದು ನಿಜ ಅಂತ ಪ್ರವಾದಿಯವರು (ಸ) ಒಪ್ಪಿದರು. ಇಬಾದತ್‌ಗೇ (ಆರಾಧನೆಗೇ) ಮಿತಿ ಇರುವಾಗ ಗೆಳೆತನಕ್ಕೂ ಇರುತ್ತದೆ. ಬಾಡಿಗೆ, ಮಕ್ಕಳ ಫೀಸು, ಅಮ್ಮನ ಮಾತ್ರೆ, ಜೊತೆಗೆ ಎರಡು ತಿಂಗಳ ಮನೆಖರ್ಚು ಎತ್ತಿಟ್ಟು, ಉಳಿದಿದ್ದರಲ್ಲಿ ಕೊಡಿ. ಹೆಂಡತಿಯ ಚಿನ್ನ, ಮಹರ್ (ಮದುವೆಯಲ್ಲಿ ಗಂಡ ಅವಳಿಗೆ ಕೊಟ್ಟ ವಧುಧನ) ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಅವಳ ಸ್ವತ್ತು. "ಭಾಬಿ ಬಳೆ ಎರಡು ತಿಂಗಳಿಗೆ ಕೊಡು, ಅಡವಿಟ್ಟು ಬಿಡಿಸಿಕೊಡ್ತೀನಿ" ಅಂದರೆ ಅಲ್ಲಿ ಎರಡು ತೊಂದರೆ: ಸ್ವತ್ತು ನಿಮ್ಮದಲ್ಲ, ಅಡವಿನ ಸಾಲಕ್ಕೆ ಬಡ್ಡಿ ಓಡುತ್ತದೆ.

ಉತ್ತರ ಬೇಗ ಹೇಳಿ, ಮೊತ್ತ ಮತ್ತು ದಿನದ ಸಮೇತ ಹೇಳಿ. "ಒಂದು ಲಕ್ಷ ಆಗಲ್ಲ ಕಣೋ. ಮೂವತ್ತು ಸಾವಿರ ಆಗುತ್ತೆ, ಬುಧವಾರ ಹಾಕ್ತೀನಿ." ಅವನು ಉಳಿದ ಎಪ್ಪತ್ತಕ್ಕೆ ಬೇರೆ ಕಡೆ ನೋಡಿಕೊಳ್ಳುತ್ತಾನೆ. ಕೊಡುವ ಮನಸ್ಸಿಲ್ಲದೆ "ಇನ್‌ಶಾ ಅಲ್ಲಾಹ್, ನೋಡೋಣ" ಅನ್ನುವುದು ನಮ್ಮಲ್ಲಿ ಬಹಳ ಇದೆ, ಅದು ತಪ್ಪು. ಅಲ್ಲಾಹನ ಹೆಸರನ್ನು ಇಲ್ಲ ಅನ್ನುವುದಕ್ಕೆ ಪರದೆ ಮಾಡಿಕೊಂಡ ಹಾಗೆ. ಗೆಳೆಯ ಅದನ್ನು ನಂಬಿ ಕೂತಿರುತ್ತಾನೆ.

ಇನ್ನು ಬರೆಯುವ ವಿಷಯ. ಕುರ್‌ಆನ್‌ನ ಅತಿ ಉದ್ದದ ಆಯತ್ (ವಚನ, 2:282) ಇರುವುದೇ ಸಾಲದ ಪತ್ರದ ಬಗ್ಗೆ. ಚಿಕ್ಕದಿರಲಿ ದೊಡ್ಡದಿರಲಿ, ಗಡುವಿನ ಸಮೇತ ಬರೆಯಲು ಬೇಸರಪಡಬೇಡಿ ಅನ್ನುತ್ತದೆ. ಒಕ್ಕಣೆ ಹೇಳಿ ಬರೆಸಬೇಕಾದವನು ಸಾಲ ತಗೊಂಡವನು, ಕೊಟ್ಟವನಲ್ಲ. ಹಾಗಾಗಿ ಪತ್ರ ಅವನ ಕೈಯಲ್ಲೇ ಬರೆಸಿ. ಒಂದು ಹಾಳೆ ಸಾಕು: "ಇಂಥವರಿಂದ ಇಂಥ ದಿನ 30,000 (ಮೂವತ್ತು ಸಾವಿರ) ರೂಪಾಯಿ ಸಾಲವಾಗಿ ಪಡೆದಿದ್ದೇನೆ. ಬಡ್ಡಿ ಇಲ್ಲ. ಇಂಥ ತಿಂಗಳಿಂದ ಪ್ರತಿ 5ನೇ ತಾರೀಕು 2,500ರಂತೆ 12 ಕಂತಿನಲ್ಲಿ ತೀರಿಸುತ್ತೇನೆ." ಕೆಳಗೆ ಅವನ ಸಹಿ, ಇಬ್ಬರು ಸಾಕ್ಷಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಪತ್ರ ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾನೆ ಅನ್ನುವ ಸಂಕೋಚ ಇದ್ದರೆ "ನಾಳೆ ನಾನಿಲ್ಲದಿದ್ದರೂ, ನೀನಿಲ್ಲದಿದ್ದರೂ ಮನೆಯವರಿಗೆ ಲೆಕ್ಕ ಗೊತ್ತಿರಲಿ" ಅನ್ನಿ. ಅದು ಸುಳ್ಳಲ್ಲ. ವಾರಸುದಾರರು ಆಸ್ತಿ ಹಂಚಿಕೊಳ್ಳುವ ಮೊದಲು ತೀರಬೇಕಾದ್ದು ಸಾಲ.

ಹಣ ಬ್ಯಾಂಕಿನಿಂದಲೇ ಹೋಗಲಿ. 20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಗಡುವು ಬರೆಯದ ಸಾಲಕ್ಕೆ ಹಣ ಕೊಟ್ಟ ದಿನದಿಂದಲೇ, ಕೋರ್ಟಿಗೆ ಹೋಗಲು ಇರುವ 3 ವರ್ಷದ ಕಾಲಮಿತಿ ಓಡುತ್ತದೆ. ಅದು ಮುಗಿಯುವ ಮೊದಲು "ಇನ್ನೂ ಇಷ್ಟು ಬಾಕಿ ಇದೆ" ಅಂತ ಅವನಿಂದ ಬರೆಸಿ ಸಹಿ ಹಾಕಿಸಿಕೊಂಡರೆ ಲೆಕ್ಕ ಹೊಸದಾಗಿ ಶುರು.

ಬಡ್ಡಿ ಬೇಡ ಅಂದವರೂ ಎಡವುವ ಜಾಗ ಒಂದಿದೆ. ಸಾಲದಿಂದ ಕೊಟ್ಟವನಿಗೆ ಲಾಭ ಹುಟ್ಟಿದರೆ ಅದೂ ರಿಬಾ (ನಿಷಿದ್ಧ ಬಡ್ಡಿ) ಅಂತ ಫಿಕ್ಹ್‌ನ (ಇಸ್ಲಾಮಿನ ಧರ್ಮಶಾಸ್ತ್ರದ) ನಿಯಮ. ಗೆಳೆಯ ಆಟೋ ಓಡಿಸುತ್ತಾನೆ ಅಂದುಕೊಳ್ಳಿ. ಸಾಲ ಕೊಟ್ಟ ಮೇಲೆ ದಿನಾ ನಿಮ್ಮ ಮಕ್ಕಳನ್ನು ಬಿಟ್ಟಿಯಾಗಿ ಸ್ಕೂಲಿಗೆ ಬಿಡತೊಡಗಿದರೆ ಬಾಡಿಗೆ ಕೊಟ್ಟುಬಿಡಿ. ಮೊದಲಿಂದಲೂ ಹಾಗೇ ಬಿಡುತ್ತಿದ್ದರೆ ಅಡ್ಡಿಯಿಲ್ಲ. ತೀರಿಸುವಾಗ ಕರಾರಿಲ್ಲದೆ ಅವನೇ ಖುಷಿಯಿಂದ ಏನಾದರೂ ಸೇರಿಸಿ ಕೊಟ್ಟರೂ ಸರಿಯೇ. ಪ್ರವಾದಿಯವರು (ಸ) ತಾವು ಪಡೆದಿದ್ದಕ್ಕಿಂತ ಉತ್ತಮ ಒಂಟೆಯನ್ನು ಮರಳಿಸಿದ್ದರು.

ಹಣಕ್ಕಿಂತ ಅಪಾಯ ಜಾಮೀನು. "ಬರೀ ಒಂದು ಸಹಿ" ಅಂತ ಕೇಳುತ್ತಾರೆ. 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ ಪತ್ರದಲ್ಲಿ ಬೇರೆ ಹೇಳಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ಮೊದಲು ಅವನ ಬೆನ್ನು ಹತ್ತಲೇಬೇಕು ಅಂತಿಲ್ಲ, ನೇರ ನಿಮ್ಮ ಬಾಗಿಲಿಗೆ ಬರಬಹುದು. ಜೊತೆಗೆ ಬಡ್ಡಿ ಕೊಡುವವನು, ತಗೊಳ್ಳುವವನು, ಬರೆಯುವವನು, ಸಾಕ್ಷಿ ಹಾಕುವವರು ಎಲ್ಲರಿಗೂ ಶಾಪವಿರುವ ಹದೀಸ್ (ಪ್ರವಾದಿಯವರ ನುಡಿ-ನಡೆಯ ವರದಿ) ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಸಾಲಗಾರನೊಬ್ಬನ ಮಯ್ಯಿತ್ (ಶವ) ಮುಂದಿದ್ದಾಗ ಸಂಗಾತಿ ಅಬೂ ಖತಾದಾ (ರ) ಅವನ ಸಾಲ ಹೊತ್ತುಕೊಂಡರು, ಆಮೇಲೆಯೇ ಪ್ರವಾದಿಯವರು (ಸ) ಜನಾಝಾ ನಮಾಝ್ (ಸತ್ತವರಿಗಾಗಿ ಮಾಡುವ ನಮಾಝ್) ಮಾಡಿಸಿದರು. ಅಂದರೆ ಹೊಣೆ ಹೊರುವುದು ಪುಣ್ಯದ ಕೆಲಸವೇ, ಆದರೆ ಬಡ್ಡಿಯ ಸಾಲಕ್ಕಲ್ಲ. ಆಸ್ಪತ್ರೆ ಖರ್ಚಿಗೆ ಸಾಲ ಎತ್ತಲು ಸಹಿ ಕೇಳುವ ಗೆಳೆಯನಿಗೆ ಹೀಗೆ ಹೇಳಬಹುದು: "ಬಡ್ಡಿ ಪೇಪರಿಗೆ ಸಹಿ ಹಾಕಲ್ಲ, ನನ್ನ ಮೇಲೆ ಬೇಜಾರಾಗಬೇಡ. ಆಸ್ಪತ್ರೆ ಬಿಲ್ಲಿನಲ್ಲಿ ಹತ್ತು ಸಾವಿರ ನಾನು ಕಟ್ತೀನಿ, ವಾಪಸ್ ಬೇಡ."

ಕಂತು ತಪ್ಪಿತು ಅನ್ನಿ. ಮೊದಲು ನೋಡಬೇಕಾದ್ದು ಅವನಿಗೆ ಆಗುತ್ತಿಲ್ಲವೋ, ಮನಸ್ಸಿಲ್ಲವೋ. ಆಗದವನಿಗೆ ಅನುಕೂಲವಾಗುವ ತನಕ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಅನ್ನುತ್ತದೆ 2:280. ಕೈಲಿದ್ದೂ ಸತಾಯಿಸುವುದು ಝುಲ್ಮ್ (ಅನ್ಯಾಯ) ಅಂತ ಹದೀಸ್. ಅಂಥವನನ್ನು ಗಟ್ಟಿಯಾಗಿ ಕೇಳಲು ಸಂಕೋಚ ಬೇಡ. ಆದರೆ ಒಬ್ಬನನ್ನೇ ಕೂರಿಸಿ ಕೇಳಿ. ಮಸೀದಿ ಮುಂದೆ, ಮದುವೆ ಮನೆಯಲ್ಲಿ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಬೇಡ.

ಇಲ್ಲಿ ಬಹಳ ಜನ ಮಾಡುವ ತಪ್ಪು: "ಆ 30,000 ನನ್ನ ಝಕಾತ್‌ಗೆ ವಜಾ" ಅಂದುಬಿಡುವುದು. ಹೆಚ್ಚಿನ ಉಲಮಾಗಳ (ಧರ್ಮಪಂಡಿತರ) ಪ್ರಕಾರ ಅದು ಝಕಾತ್ ಆಗದು, ಯಾಕೆಂದರೆ ಝಕಾತ್ ಅರ್ಹನ ಕೈ ಸೇರಬೇಕು. ಸಾಲದಲ್ಲಿ ಮುಳುಗಿದವನು ಝಕಾತ್ ಪಡೆಯಬಹುದಾದ ಎಂಟು ವರ್ಗಗಳಲ್ಲಿ (9:60) ಒಬ್ಬ. ಅವನಿಗೆ ಕರಾರಿಲ್ಲದೆ ಝಕಾತ್ ಕೊಡಿ, ಅದರಿಂದ ಅವನಾಗಿ ನಿಮ್ಮ ಸಾಲ ತೀರಿಸಿದರೆ ಸರಿ. ಕರಾವಳಿ, ಭಟ್ಕಳದ ಕಡೆ ಶಾಫಿಈ, ಒಳನಾಡಿನಲ್ಲಿ ಬಹುಪಾಲು ಹನಫಿ (ಎರಡೂ ಧರ್ಮಶಾಸ್ತ್ರದ ಪಂಥಗಳು). ವಿವರಗಳಲ್ಲಿ ವ್ಯತ್ಯಾಸ ಇರುತ್ತದೆ, ನಿಮ್ಮ ಇಮಾಮರನ್ನೊಮ್ಮೆ ಕೇಳಿ. ಗೆಳೆಯ ಮುಸ್ಲಿಮನಲ್ಲದಿದ್ದರೆ ಹೆಚ್ಚಿನವರ ಅಭಿಪ್ರಾಯದಲ್ಲಿ ಝಕಾತ್ ಸಲ್ಲದು, ಸದಕಾ ಮತ್ತು ಸಾಲ ಎರಡೂ ಧಾರಾಳವಾಗಿ ಸಲ್ಲುತ್ತವೆ.

ಈ ಮಿತಿಗಳೆಲ್ಲ ಬದಿಗೆ ಸರಿಯಬೇಕಾದ ಒಂದು ಸಂದರ್ಭವಿದೆ. ಸಾಲದ ಕಾಟಕ್ಕೆ "ಬದುಕಿ ಏನು ಪ್ರಯೋಜನ" ಅನ್ನುವ ಮಾತು ಬಂದರೆ ಹೊತ್ತು ನೋಡಬೇಡಿ, ಹೋಗಿ ಜೊತೆಗಿರಿ. ಯಾರಿಗೂ ಹೇಳಬೇಡ ಅಂದರೂ ಮನೆಯವರಿಗೆ ತಿಳಿಸಿ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಲೋನ್ ಆ್ಯಪ್‌ನವರು ತಿದ್ದಿದ ಫೋಟೊ ಇಟ್ಟು ಹೆದರಿಸುತ್ತಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿಸಿ. ಆ್ಯಪ್ ಅಳಿಸಿದರೆ ಸಾಕ್ಷ್ಯವೂ ಹೋಗುತ್ತದೆ, ಅವಸರ ಬೇಡ.

ಕೊನೆಯ ಕಂತು ಬಂದ ದಿನ ಪತ್ರದ ಮೇಲೆ "ಪೂರ್ತಿ ಸಂದಾಯವಾಗಿದೆ" ಅಂತ ಬರೆದು, ತಾರೀಕು ಹಾಕಿ, ಸಹಿ ಮಾಡಿ ಅವನ ಕೈಗೇ ಕೊಡಿ. ತೀರಿಸುವವನು ಹೇಳಬೇಕಾದ ದುಆ (ಪ್ರಾರ್ಥನೆ) ಹದೀಸ್‌ನಲ್ಲಿದೆ: ಅಲ್ಲಾಹನು ನಿನ್ನ ಮನೆಯವರಲ್ಲೂ ಸಂಪತ್ತಿನಲ್ಲೂ ಬರಕತ್ ಕೊಡಲಿ.