ಅರಮನೆಯೊಳಗೊಂದು ಕೂರಿಗೆ

1983ರಲ್ಲಿ ಮಂಡ್ಯ ಕಡೆಯ ಹಳ್ಳಿಯಿಂದ ಟ್ರಂಕು ಹೊತ್ತು ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣಕ್ಕೆ ಬಂದೆ. ಕನ್ನಡ ಎಂ.ಎ. ಮೊದಲ ವರ್ಷ ಯಾವ ಕಟ್ಟಡವನ್ನೂ ತಲೆ ಎತ್ತಿ ನೋಡಿದ ನೆನಪಿಲ್ಲ. ವಿಶ್ವವಿದ್ಯಾನಿಲಯದ ಕಚೇರಿ ಕ್ರಾಫರ್ಡ್ ಹಾಲ್ ಅಂದರೆ ಫೀಸು, ಮಾರ್ಕ್ಸ್ ಕಾರ್ಡು. ಕುಕ್ಕರಹಳ್ಳಿ ಕೆರೆ ಅಂದರೆ ಸಂಜೆಯ ಹರಟೆ. ಅಷ್ಟೆ.

ನೋಡಲು ಕಲಿಸಿದವರು ನಮ್ಮ ಮೇಷ್ಟ್ರೊಬ್ಬರು. ಒಂದು ಶನಿವಾರ ಪಾಠ ಬಿಟ್ಟು ನಮ್ಮನ್ನು ಊರು ಸುತ್ತಿಸಿದರು. “ನಮ್ಮ ವಿಶ್ವವಿದ್ಯಾನಿಲಯಕ್ಕಿಂತ ಅದರ ಮನೆಗಳಿಗೇ ವಯಸ್ಸು ಜಾಸ್ತಿ ಕಣ್ರಯ್ಯಾ” ಅಂದರು. ನಿಜವೇ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ದೇಶದಲ್ಲೇ ಮೊದಲನೆಯದು. ಆದರೆ ಮಹಾರಾಜ ಕಾಲೇಜಿನ ಬೇರು 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತೆರೆದ ಶಾಲೆಯಲ್ಲಿದೆ. ಆ ಕಾಲೇಜಿನ ಮುಂದೆ ನಿಂತು ಮೇಷ್ಟ್ರು ಹೇಳಿದ್ದು ಕಟ್ಟಡದ ಕಥೆಯಲ್ಲ, ಗಾಡಿಯ ಕಥೆ. 1921ರಲ್ಲಿ ಅಲ್ಲಿ ತತ್ವಶಾಸ್ತ್ರದ ಮೇಷ್ಟ್ರಾಗಿದ್ದ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿನ ತನಕ ಎಳೆದುಕೊಂಡು ಹೋದರಂತೆ. “ನೀವು ನನ್ನ ಸೈಕಲ್ಲಾದರೂ ತಳ್ಳಿ” ಅಂದರು.

ಅಲ್ಲಿಂದ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ ನೆನಪಿಗೆ ಕಟ್ಟಿದ ಜ್ಯೂಬಿಲಿ ಹಾಲ್ ಅದು. ಕಂಬ, ಕಮಾನು ಯುರೋಪಿನವು; ಕೆತ್ತನೆಯಲ್ಲಿ ಇರುವವರು ನಮ್ಮ ದೇವರುಗಳು. ರಾಣಿಯ ಹೆಸರಲ್ಲಿ ಎದ್ದ ಮನೆ ತಾಳೆಗರಿಗಳ ಮನೆಯಾಯಿತು. ಇಲ್ಲೇ 1905ರಲ್ಲಿ ಗ್ರಂಥಪಾಲಕ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು. ಗ್ರಂಥ ಲಿಪಿಯ ಓಲೆ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟಿದ್ದು. 1909ರಲ್ಲಿ ಅಚ್ಚಾಯಿತು. ಓಲೆಗಳಿಗೆ ಸವರುವ ಸಿಟ್ರೊನೆಲ್ಲಾ ಎಣ್ಣೆಯ ವಾಸನೆ ನನಗೆ ಮಾತ್ರ ಸೊಳ್ಳೆಯನ್ನು ನೆನಪಿಸಿತು.

ಕೊನೆಗೆ ಜಯಲಕ್ಷ್ಮೀವಿಲಾಸ. ಗಂಗೋತ್ರಿಯ ಒಳಗೇ ಇದೆ, ದಿನಾ ಕಣ್ಣಿಗೆ ಬೀಳುತ್ತಿತ್ತು. 1905ರ ಹೊತ್ತಿಗೆ ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಗಾಗಿ ಕಟ್ಟಿದ ಅರಮನೆ. ಮುಂದೆ ಜೋಡಿ ಕೊರಿಂಥಿಯನ್ ಕಂಬಗಳು. ಅವುಗಳ ಮೇಲೆ ರೋಮನ್ ಗುಡಿಯಂಥ ತ್ರಿಕೋನ, ಅದರೊಳಗೆ ಗಜಲಕ್ಷ್ಮಿ! ಒಳಗೆ ಕಲ್ಯಾಣಮಂಟಪ, ಬಣ್ಣದ ಗಾಜು, ಕೆತ್ತನೆಯ ಮರದ ಬಾಗಿಲುಗಳು. ಮೈಸೂರಿನ ದೊಡ್ಡ ಅರಮನೆ ನೋಡಿದವರಿಗೆ ಇದು ಸಣ್ಣದು ಅನ್ನಿಸಬಹುದು. ನನಗೆ ಇದೇ ಇಷ್ಟ. ಕಣ್ಣು ಕುಕ್ಕುವುದಿಲ್ಲ, ಅಲ್ವಾ?

ಈ ಮನೆಯನ್ನೇ ವಿಶ್ವವಿದ್ಯಾನಿಲಯ ಜಾನಪದ ವಸ್ತುಸಂಗ್ರಹಾಲಯ ಮಾಡಿತ್ತು. ಚಿತ್ರಕಾರ ಪಿ.ಆರ್. ತಿಪ್ಪೇಸ್ವಾಮಿಯವರಂಥವರು ಹಳ್ಳಿ ಹಳ್ಳಿ ತಿರುಗಿ ತಂದ ಸಾಮಾನು. ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಸೋಮನ ಮುಖ. ಅವುಗಳ ನಡುವೆ ಸಾಲಾಗಿ ಬೀಜ ಬಿತ್ತುವ ಒಂದು ಕೂರಿಗೆ ಕಂಡು ನಿಂತುಬಿಟ್ಟೆ. ಥೇಟ್ ನಮ್ಮ ಮನೆಯದೇ. ಊರಲ್ಲಿ ಅದು ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿತ್ತು. ಇಲ್ಲಿ ಅರಸು ಮಗಳ ಮನೆಯಲ್ಲಿ ಚೀಟಿ ಅಂಟಿಸಿಕೊಂಡು ಕೂತಿತ್ತು. ಹಳ್ಳಿಯವನು ಅನ್ನುವ ಅಳುಕು ಅವತ್ತು ಪೂರ್ತಿ ಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಸ್ವಲ್ಪ ಸಡಿಲಾಯಿತು.

ಆಮೇಲೆ 2000ದ ದಶಕದಲ್ಲಿ ಇನ್ಫೋಸಿಸ್ ಫೌಂಡೇಷನ್ ನೆರವಿನಿಂದ ಆ ಕಟ್ಟಡ ದುರಸ್ತಿ ಕಂಡಿತು. ನಾನು ಹೇಳಬೇಕಿರುವುದು ಅದಕ್ಕೂ ಮೊದಲಿನ ಮಾತು. ಎರಡನೇ ವರ್ಷ ದಸರಾಕ್ಕೆ ಅಪ್ಪ ಬಂದಿದ್ದರು. ಜಂಬೂಸವಾರಿ ಮುಗಿದ ಮೇಲೆ, ಒಂದು ದಿನ ಉಳಿಸಿಕೊಂಡು ಅವರನ್ನು ಜಯಲಕ್ಷ್ಮೀವಿಲಾಸಕ್ಕೆ ಕರೆದುಕೊಂಡು ಹೋದೆ. ಕಂಬ ನೋಡಲಿಲ್ಲ, ಗಾಜು ನೋಡಲಿಲ್ಲ. ಕೂರಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಹಳ ಹೊತ್ತು ಹಗ್ಗ ನೋಡಿದರು.

“ಯಾರ‍್ಲಾ ಇದ ಕಟ್ಟಿರೋದು? ಹಿಂಗ್ ಕಟ್ಟಿದ್ರೆ ಒಂದು ಸಾಲೂ ನೆಟ್ಟಗೆ ಬರಕಿಲ್ಲ.”

ಕಾವಲುಗಾರ ಆಚೆ ಹೋಗಿದ್ದ. ಬಿಚ್ಚಿ ಕಟ್ಟಲೇ ಅನ್ನುವ ಹಾಗೆ ಅಪ್ಪ ನನ್ನ ಮುಖ ನೋಡಿದರು.